ಕೇಳದೆ ಬಡಿಸುವ ಊಟ

ಊಟದ ಮಾತು ತತ್ತ್ವವಿಚಾರಕ್ಕೆ ತಕ್ಕದ್ದಲ್ಲವೆಂದು ಭಾವಿಸುವವರುಂಟು. ಹಸಿವು ಪ್ರಾಣಿಧರ್ಮ, ವಿಚಾರ ಮನುಷ್ಯಧರ್ಮ ಎಂದು ಅವರು ಎರಡರ ನಡುವೆ ಗೆರೆ ಎಳೆಯುತ್ತಾರೆ. ಆದರೆ ಮನುಷ್ಯನು ದಿನಕ್ಕೆ ಎರಡು ಬಾರಿಯಾದರೂ ಇನ್ನೊಬ್ಬ ಮನುಷ್ಯನನ್ನು ನಂಬಲೇಬೇಕಾದ ಸ್ಥಳವೆಂದರೆ ಊಟದ ಎಲೆ. ಎಲೆಯ ಮೇಲಿರುವುದನ್ನು ಯಾರು ಬೆಳೆದರು, ಯಾರು ತೊಳೆದರು, ಯಾರು ಬೇಯಿಸಿದರು ಎಂದು ಪರೀಕ್ಷಿಸುತ್ತ ಹೊರಟರೆ ಒಂದು ತುತ್ತೂ ಗಂಟಲಿನಲ್ಲಿ ಇಳಿಯಲಾರದು. ನಂಬಿಕೆ, ಹೊಣೆ, ನ್ಯಾಯ ಎಂಬ ಮೂರು ದೊಡ್ಡ ಪ್ರಶ್ನೆಗಳು ಆ ತುತ್ತಿನಲ್ಲಿಯೇ ಅಡಗಿವೆ. ಆದಕಾರಣ ಊಟವನ್ನು ಕುರಿತು ಸ್ವಲ್ಪ ಹೊತ್ತು ವಿಚಾರ ಮಾಡುವುದು ನಮ್ಮಂಥ ಶಾಲೆಯ ಮಂದಿಗೆ ಅನುಚಿತವಾಗಲಾರದು.

ಹೊಸೂರಿನ ಪೇಟೆಯ ಯಾವ ಹೋಟೆಲಿಗೆ ಹೋದರೂ ನಾವು ಕುಳಿತೊಡನೆ ಮಾಣಿ ಬಂದು ನಿಲ್ಲುತ್ತಾನೆ. ಇಡ್ಲಿ, ವಡೆ, ಪೊಂಗಲ್, ದೋಸೆ, ಪೂರಿ ಎಂದು ಒಂದೇ ಉಸಿರಿನಲ್ಲಿ ಪಾಠ ಒಪ್ಪಿಸುತ್ತಾನೆ. ಗಿರಾಕಿಯ ಮುಖ ನೋಡಿ ಕನ್ನಡದಲ್ಲಿಯೋ ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಒಪ್ಪಿಸುತ್ತಾನೆ. ನಾವು ಆರಿಸಿ ಹೇಳುತ್ತೇವೆ. ಹಣ ಕೊಡುವವನಿಗೆ ಆರಿಸುವ ಹಕ್ಕುಂಟು ಎಂಬುದು ಅಂಗಡಿಯ ಮೊದಲ ಸೂತ್ರ. ಹಣ ಹೆಚ್ಚಿದಂತೆ ಆಯ್ಕೆಯೂ ಹೆಚ್ಚಬೇಕೆಂಬುದು ಲೋಕರೂಢಿ. ದೊಡ್ಡ ಹೋಟೆಲಿನ ತಿಂಡಿಪಟ್ಟಿ ಪುಸ್ತಕದಷ್ಟು ದಪ್ಪವಾಗಿರುವುದು ಈ ಕಾರಣದಿಂದಲೇ.

ಈ ಸೂತ್ರವನ್ನು ತಲೆಕೆಳಗು ಮಾಡಿದ ಒಂದು ಬಗೆಯ ಊಟದ ಮನೆಗಳು ಜಪಾನಿನಲ್ಲಿವೆ. ಅಲ್ಲಿ ಬೆಲೆ ಅತ್ಯಧಿಕ, ಆಯ್ಕೆ ಸೊನ್ನೆ. ಪಟ್ಟಿಯಿಲ್ಲ, ‘ಏನು ಬೇಕು?’ ಎಂಬ ಪ್ರಶ್ನೆಯಿಲ್ಲ. ಎಂಟೋ ಹತ್ತೋ ಮಂದಿ ಒಂದು ಉದ್ದನೆಯ ಮಣೆಯ ಮುಂದೆ ಸಾಲಾಗಿ ಕೂಡುತ್ತಾರೆ. ಮಣೆಯ ಆಚೆ ಅಡಿಗೆಯವನು ನಿಂತಿರುತ್ತಾನೆ. ಆ ದಿನ ಯಾವುದು ಚೆನ್ನಾಗಿ ದೊರಕಿತೋ ಅದನ್ನು, ತಾನು ನಿಶ್ಚಯಿಸಿದ ಅನುಕ್ರಮದಲ್ಲಿ, ಒಂದೊಂದಾಗಿ ಮಾಡಿ ಎದುರಿಗೆ ಇಡುತ್ತಾನೆ. ಈ ಪದ್ಧತಿಗೆ ಜಪಾನೀಯರು ‘ಒಮಾಕಾಸೆ’ ಎನ್ನುತ್ತಾರೆ. ‘ನಿಮಗೇ ಬಿಟ್ಟಿದ್ದೇನೆ, ನಿಮ್ಮ ಚಿತ್ತ’ ಎಂಬುದು ಅದರ ಭಾವಾರ್ಥ.

ಇಂಥ ಊಟದ ಮನೆಗಳಲ್ಲಿ ಲೋಕಪ್ರಸಿದ್ಧವಾದುದು ಟೋಕಿಯೋ ನಗರದ ಗಿಂಜಾ ಪೇಟೆಯಲ್ಲಿರುವ ‘ಸುಕಿಯಾಬಾಶಿ ಜಿರೋ’. ಕಚೇರಿಗಳ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಹತ್ತೇ ಆಸನಗಳ ಅಂಗಡಿ. ಅದನ್ನು ಪ್ರಸಿದ್ಧಿಗೆ ತಂದವರು 1925ರಲ್ಲಿ ಜನಿಸಿದ ಜಿರೋ ಓನೋ. ಹುಳಿಯೂಡಿದ ಅನ್ನದ ಚಿಕ್ಕ ಉಂಡೆಯ ಮೇಲೆ ಒಂದು ತುಂಡು ಮೀನು. ಇದಕ್ಕೆ ಸುಶಿ ಎಂದು ಹೆಸರು. ಇಂಥ ಇಪ್ಪತ್ತು ತುತ್ತುಗಳು, ಸುಮಾರು ಅರ್ಧ ಗಂಟೆಯ ಊಟ. 2007ರಲ್ಲಿ ಮಿಶೆಲಿನ್ ಸಂಸ್ಥೆ ಟೋಕಿಯೋ ನಗರದ ಮೊದಲ ಕೈಪಿಡಿಯನ್ನು ಹೊರತಂದಾಗ ಈ ಅಂಗಡಿಗೆ ಅತ್ಯುಚ್ಚ ಗೌರವವಾದ ಮೂರು ನಕ್ಷತ್ರಗಳು ದೊರೆತುವು. 2011ರಲ್ಲಿ ಅವರನ್ನು ಕುರಿತ ಸಾಕ್ಷ್ಯಚಿತ್ರವೊಂದು ಬಂದಿತು. ಆಗಲೇ ಅಲ್ಲಿಯ ಊಟದ ಬೆಲೆ 30,000 ಯೆನ್ನಿನಿಂದ ಮೊದಲಾಗುತ್ತಿತ್ತು. ನಮ್ಮ ಅಂದಿನ ಲೆಕ್ಕದಲ್ಲಿ ಹದಿನೈದು ಸಾವಿರ ರೂಪಾಯಿಗೂ ಮೇಲು. 2014ರಲ್ಲಿ ಅಮೆರಿಕೆಯ ಅಧ್ಯಕ್ಷ ಒಬಾಮರನ್ನು ಜಪಾನಿನ ಪ್ರಧಾನಿ ಆಬೆಯವರು ಅಲ್ಲಿಗೇ ಊಟಕ್ಕೆ ಕರೆದೊಯ್ದರು. 2019ರಲ್ಲಿ ಮಿಶೆಲಿನ್ ಕೈಪಿಡಿ ಅದನ್ನು ತನ್ನ ಪಟ್ಟಿಯಿಂದ ಬಿಟ್ಟಿತು. ರುಚಿ ಕೆಟ್ಟಿತೆಂದಲ್ಲ, ಸಾಮಾನ್ಯರು ಆಸನ ಕಾದಿರಿಸಿಕೊಳ್ಳಲು ಅಲ್ಲಿ ಅವಕಾಶವೇ ಉಳಿದಿರಲಿಲ್ಲವೆಂಬುದು ಕಾರಣ. ಈ ಕಾರಣವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಮಾತು ಬರುತ್ತದೆ.

ಈ ದೂರದೇಶದ ದುಬಾರಿ ಊಟಕ್ಕೂ ಗಡಿನಾಡಿನ ಕನ್ನಡ ಶಾಲೆಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧ ತೀರ ಇಲ್ಲದಿಲ್ಲ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನನ್ನು ಕಂಡು ಅಲ್ಲಿಯ ಶಿಸ್ತಿಗೆ ಮನಸೋತು ಬಂದವರು. 1980ರ ದಶಕದಲ್ಲಿ ನಮ್ಮ ಹೊಸೂರಿನ ಕಾರ್ಖಾನೆಯಲ್ಲಿ ಜಪಾನಿನ ಸುಜುಕಿ ಸಂಸ್ಥೆಯ ಸಹಯೋಗದಿಂದ ಮೋಟಾರು ಸೈಕಲುಗಳು ತಯಾರಾದುವು. ಆ ಸಹಯೋಗ 2001ರವರೆಗೆ ನಡೆಯಿತು. ಬಿಡದಿಯಲ್ಲಿ ಟೊಯೋಟ ಬಂದಿದೆ. ಕೆಲಸದ ಜೊತೆಗೆ ಊಟವೂ ಪಯಣ ಮಾಡುತ್ತದಾದ್ದರಿಂದ ಬೆಂಗಳೂರಿನಲ್ಲಿ ಜಪಾನೀ ಊಟದ ಮನೆಗಳು ನಡೆಯುತ್ತಿವೆ. ನಮ್ಮ ಶಾಲೆಗಳಲ್ಲಿ ಓದಿದ ಮಕ್ಕಳು ನಾಳೆ ಅಲ್ಲಿ ಕೆಲಸಕ್ಕೆ ನಿಲ್ಲಬಹುದು, ಇಲ್ಲವೆ ಉಣ್ಣಲು ಕೂಡಬಹುದು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಧರ್ಮವಿಚಾರಕ್ಕೆ ಕೊನೆಯಂಚಿನ ಉದಾಹರಣೆಗಳು ಬಹಳ ಸಹಾಯಕ. ಅತಿ ದುಬಾರಿಯಾದ ಊಟವನ್ನು ಒಮ್ಮೆ ಬಿಡಿಸಿ ನೋಡಿದರೆ ಅತಿ ಸಾಮಾನ್ಯವಾದ ಊಟದ ಒಳಗುಟ್ಟೂ ಕಾಣುತ್ತದೆ.

ಪ್ರಶ್ನೆ ಹೀಗಿದೆ: ತಿನ್ನುವವನು ತನ್ನ ಆಯ್ಕೆಯನ್ನು ಅಡಿಗೆಯವನಿಗೆ ಒಪ್ಪಿಸಿಬಿಡುವುದು ಒಂದು ಸದ್ಗುಣವೇ, ಅಥವಾ ಸಿರಿವಂತರ ಆಟವೇ? ಒಂದು ಹೊತ್ತಿನ ಊಟಕ್ಕೆ ಒಬ್ಬ ಕೂಲಿಕಾರನ ತಿಂಗಳ ಸಂಪಾದನೆಯಷ್ಟು ಹಣ ಸುರಿಯುವುದು ನ್ಯಾಯವೇ?

ಮೊದಲು ಈ ಪದ್ಧತಿಯ ಮೂಲವನ್ನು ನೋಡೋಣ. ಜಪಾನಿನಲ್ಲಿ ಒಂದಾದ ಮೇಲೊಂದರಂತೆ ಬಡಿಸುವ ಔತಣಕ್ಕೆ ‘ಕೈಸೆಕಿ’ ಎಂದು ಹೆಸರು. ಅದನ್ನು ಬರೆಯುವ ರೀತಿ ಎರಡು. ಒಂದು ಬರಹಕ್ಕೆ ಔತಣಕೂಟವೆಂದು ಅರ್ಥ. ಇನ್ನೊಂದಕ್ಕೆ ‘ಎದೆಯ ಬಳಿಯ ಕಲ್ಲು’ ಎಂದು ಅರ್ಥ. ಝೆನ್ ಪಂಥದ ಸಂನ್ಯಾಸಿಗಳು ಹಸಿವನ್ನು ತಡೆಯಲು ಬೆಚ್ಚಗಿನ ಕಲ್ಲನ್ನು ಉಡುಪಿನೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಆ ಕಲ್ಲಿನ ಹೆಸರು ಚಹಾಸೇವನೆಯ ಮುಂಚೆ ಬಡಿಸುವ ಸರಳ ಊಟಕ್ಕೆ ಬಂದಿತು. ಒಂದು ಸಾರು, ಮೂರು ವ್ಯಂಜನ, ಅನ್ನ. ಅದರ ಮೂಲರೂಪ ಇಷ್ಟೆ. ಹಸಿವನ್ನು ಗೆಲ್ಲಲು ಹೊರಟವರ ಕಲ್ಲಿನ ಹೆಸರು ಇಂದು ಲಕ್ಷಾಧೀಶರ ಔತಣದ ಹೆಸರಾಗಿದೆ.

ಈ ಚಹಾಸೇವನೆಯ ಮರ್ಯಾದೆಗಳನ್ನು ರೂಢಿಗೆ ತಂದವರಲ್ಲಿ ಮುಖ್ಯನಾದವನು ಸೆನ್ ನೋ ರಿಕ್ಯೂ. ಅವನ ಕಾಲ 1522ರಿಂದ 1591. ಅವನು ಕಟ್ಟಿಸಿದ ಚಹಾಕೋಣೆ ಎರಡು ಚಾಪೆಯಷ್ಟೇ ವಿಸ್ತಾರವಾದುದು. ಅದರ ಬಾಗಿಲು ಎರಡಡಿಗಿಂತ ಸ್ವಲ್ಪ ಎತ್ತರ. ಎಂಥ ಸಾಮಂತನಾದರೂ ಕತ್ತಿಯನ್ನು ಹೊರಗಿಟ್ಟು ತಲೆ ತಗ್ಗಿಸಿ ನುಸುಳಿ ಒಳಗೆ ಬರಬೇಕು. ಒಳಗೆ ಎಲ್ಲರೂ ಅತಿಥಿಗಳೇ, ಹೆಚ್ಚು ಕಡಮೆಗಳಿಲ್ಲ. ಆದರೆ ಅವನ ಆಶ್ರಯದಾತನಾಗಿದ್ದ ಹಿದೆಯೋಶಿ ಎಂಬ ಪ್ರಭು ಗೋಡೆಗೆಲ್ಲ ಚಿನ್ನ ಹೊದಿಸಿದ ಚಹಾಕೋಣೆಯೊಂದನ್ನು ಮಾಡಿಸಿದನು. 1586ರಲ್ಲಿ ಅದನ್ನು ಅರಮನೆಗೆ ಒಯ್ದು ಚಕ್ರವರ್ತಿಗೆ ತೋರಿಸಿದನು. ಕೊನೆಗೆ 1591ರಲ್ಲಿ ರಿಕ್ಯೂವಿಗೆ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುವಂತೆ ಅಪ್ಪಣೆ ಕೊಟ್ಟವನೂ ಅವನೇ. ಕಿರುಬಾಗಿಲು ಒಂದು ಕಡೆ, ಚಿನ್ನದ ಗೋಡೆ ಒಂದು ಕಡೆ. ಜಪಾನಿನ ಊಟದಲ್ಲಿ ಈ ಎರಡರ ಜಗಳ ನಾಲ್ಕು ಶತಮಾನಗಳಿಂದ ನಡೆದು ಬಂದಿದೆ. ಇಂದಿನ ಹತ್ತು ಆಸನಗಳ ಊಟದ ಮನೆ ಅಳತೆಯಲ್ಲಿ ರಿಕ್ಯೂವಿನ ಕೋಣೆ. ಬೆಲೆಯಲ್ಲಿ ಹಿದೆಯೋಶಿಯ ಕೋಣೆ.

ಇನ್ನೂ ಹಿಂದಕ್ಕೆ ಹೋದರೆ ದೋಗೆನ್ ಎಂಬ ಆಚಾರ್ಯನು ಸಿಕ್ಕುತ್ತಾನೆ. ಅವನು 1237ರಲ್ಲಿ ಮಠದ ಅಡಿಗೆಯವನ ಕರ್ತವ್ಯಗಳನ್ನು ಕುರಿತೇ ಒಂದು ಗ್ರಂಥ ಬರೆದನು. ತಾನು ತರುಣನಾಗಿ ಚೀನಾ ದೇಶದಲ್ಲಿದ್ದಾಗ ಕಂಡ ಒಂದು ಸಂಗತಿಯನ್ನು ಅದರಲ್ಲಿ ಹೇಳಿದ್ದಾನೆ. ಅರುವತ್ತೆಂಟು ವರ್ಷದ ಅಡಿಗೆಯ ಸಂನ್ಯಾಸಿಯೊಬ್ಬನು ನಡುಹಗಲಿನ ಉರಿಬಿಸಿಲಿನಲ್ಲಿ, ತಲೆಗೆ ಟೊಪ್ಪಿಗೆಯೂ ಇಲ್ಲದೆ, ಬೆನ್ನು ಬಾಗಿಸಿಕೊಂಡು ಅಣಬೆಗಳನ್ನು ಒಣಹಾಕುತ್ತಿದ್ದನು. ಈ ಕೆಲಸಕ್ಕೆ ಆಳುಗಳಿಲ್ಲವೆ ಎಂದು ದೋಗೆನ್ ಕೇಳಿದನು. ಅನ್ಯರು ನಾನಲ್ಲವಷ್ಟೆ ಎಂದು ಮುದುಕ ಉತ್ತರಕೊಟ್ಟನು. ಬಿಸಿಲು ಇಳಿದ ಮೇಲೆ ಮಾಡಬಾರದೆ ಎಂದುದಕ್ಕೆ, ಇನ್ನು ಯಾವ ಹೊತ್ತಿಗೆ ಕಾಯಲಿ ಎಂದು ತಿರುಗಿ ಕೇಳಿದನು. ದೋಗೆನ್ ಕಲಿಸಿದ ಅಡಿಗೆಯ ನೀತಿಯ ಸಾರಾಂಶ ಇದು: ಶ್ರೇಷ್ಠ ಪದಾರ್ಥ ಸಿಕ್ಕಿತೆಂದು ಹಿಗ್ಗಬಾರದು, ಹುಲ್ಲುಸೊಪ್ಪು ಸಿಕ್ಕಿತೆಂದು ಕೈ ಸಡಿಲಬಿಡಬಾರದು; ಎರಡಕ್ಕೂ ಒಂದೇ ಮನಸ್ಸು ಕೊಡಬೇಕು.

ಇಷ್ಟನ್ನು ತಿಳಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಆಯ್ಕೆಯಿಲ್ಲದ ಊಟದ ಜೀವಾಳವಿರುವುದು ಅಡಿಗೆಯವನ ಲಕ್ಷ್ಯದಲ್ಲಿ. ಜಿರೋ ಅವರು ಎಡಗೈಯಿಂದ ಉಣ್ಣುವವರನ್ನು ಗುರುತಿಸಿ ಅವರ ತುತ್ತನ್ನು ಎಡಕ್ಕೆ ಅನುಕೂಲವಾಗುವಂತೆ ಇಡುತ್ತಿದ್ದರು. ಸಾಲಿನಲ್ಲಿ ಕುಳಿತವರೆಲ್ಲ ಒಟ್ಟಿಗೆ ಮುಗಿಸುವಂತೆ ಹೆಂಗಸರ ತುತ್ತುಗಳನ್ನು ಸ್ವಲ್ಪ ಚಿಕ್ಕದು ಮಾಡುತ್ತಿದ್ದರು. ಅವರ ಬಳಿ ಕೆಲಸ ಕಲಿತ ಶಿಷ್ಯನೊಬ್ಬನು ಮೊಟ್ಟೆಯ ಒಂದೇ ತಿನಿಸನ್ನು ಇನ್ನೂರಕ್ಕೂ ಹೆಚ್ಚು ಬಾರಿ ಮಾಡಿ ತಿರಸ್ಕೃತನಾಗಿ ಆಮೇಲೆ ಒಪ್ಪಿಗೆ ಪಡೆದನೆಂದು ಆ ಸಾಕ್ಷ್ಯಚಿತ್ರದಲ್ಲಿ ಹೇಳಿದೆ. ಕೇಳದೆಯೇ ತಿಳಿದು ಬಡಿಸಬೇಕಾದರೆ ಇಷ್ಟು ಸಿದ್ಧತೆ ಬೇಕು.

ನಮಗೆ ಇದು ತೀರ ಹೊಸದೂ ಅಲ್ಲ. ಮನೆಯಲ್ಲಿ ತಾಯಿ ಮಗನ ಮುಂದೆ ಪಟ್ಟಿ ಹಿಡಿಯುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು ಬಿದ್ದುದರಿಂದ ಹಿಡಿದು ಮಜ್ಜಿಗೆಯವರೆಗೆ ಎಲ್ಲಕ್ಕೂ ಅನುಕ್ರಮವುಂಟು. ಉಣ್ಣುವವನು ಅದನ್ನು ಬದಲಿಸುವುದಿಲ್ಲ. ನಮ್ಮ ಸೀಮೆಯ ಹಳ್ಳಿಮನೆಗೆ ಮಾರ್ಗಶಿರದಲ್ಲಿ ನೆಂಟರು ಬಂದರೆ ರಾಗಿಮುದ್ದೆಗೆ ಹಿದುಕಿದ ಬೇಳೆಯ ಸಾರು. ಏಕೆಂದರೆ ಹೊಲದಲ್ಲಿ ಅವರೆ ಸೊಗಡುಬಿಟ್ಟು ನಿಂತಿದೆ. ಬೇಸಗೆಯಲ್ಲಿ ಬಂದರೆ ಹುರುಳಿಯ ಸಾರು, ಮಾವಿನ ಕಾಯಿಯ ಗೊಜ್ಜು. ಕಾಲಕ್ಕೆ ತಕ್ಕ ಪದಾರ್ಥದ ಸೊಗಸಿಗೆ ಜಪಾನೀಯರಲ್ಲಿ ‘ಶುನ್’ ಎಂಬ ಮಾತಿದೆ. ನಮ್ಮಲ್ಲಿ ಅದಕ್ಕೆ ಶಾಸ್ತ್ರದ ಹೆಸರಿಲ್ಲದಿದ್ದರೂ ಆಚರಣೆಯುಂಟು. ಮುದ್ದೆ ಕಟ್ಟುವುದಾದರೂ ಸುಲಭದ ವಿದ್ಯೆಯೆ? ನೀರಿನ ಕುದಿ, ಹಿಟ್ಟಿನ ಪ್ರಮಾಣ, ಕೋಲಿನ ತಿರುವು ಮೂರೂ ಕೂಡಿಬಂದರೆ ಮಾತ್ರ ಗಂಟಿಲ್ಲದ ಮುದ್ದೆ. ಅಳತೆಯ ಲೋಟವಿಲ್ಲದೆ ಕತ್ತಲೆಯ ಅಡಿಗೆಮನೆಯಲ್ಲಿ ದಿನವೂ ಅದನ್ನು ತಪ್ಪಿಲ್ಲದೆ ಮಾಡುವ ಹೆಂಗಸಿಗೆ ಯಾವ ಕೈಪಿಡಿಯೂ ನಕ್ಷತ್ರ ಕೊಟ್ಟಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಮಾಚಬಾರದು. ತಾಯಿಯ ಊಟಕ್ಕೆ ಬೆಲೆಯಿಲ್ಲ. ಜಪಾನೀ ಊಟಕ್ಕೆ ಬೆಲೆಯುಂಟು. ಒಂದು ಆತಿಥ್ಯ, ಇನ್ನೊಂದು ಕಸುಬು. ಕಸುಬನ್ನು ಮಾರುವುದು ದೋಷವಲ್ಲ. ವರ್ಷಗಟ್ಟಲೆ ಶ್ರಮಪಟ್ಟು ಕಲಿತವನು ತನ್ನ ಶ್ರಮಕ್ಕೆ ತಕ್ಕ ಪ್ರತಿಫಲ ಕೇಳಬಹುದು. ಒಳ್ಳೆಯ ವೀಣೆಗೆ, ಕೈಮಗ್ಗದ ರೇಷ್ಮೆಯ ಸೀರೆಗೆ ಹೆಚ್ಚು ಹಣ ಕೊಡುವುದನ್ನು ಒಪ್ಪುವ ನಾವು ಒಳ್ಳೆಯ ಅಡಿಗೆಗೆ ಕೊಡುವುದನ್ನು ಮಾತ್ರ ಪಾಪವೆಂದರೆ ಅದು ಪಕ್ಷಪಾತ. ವೀಣೆ ಉಳಿಯುತ್ತದೆ, ಊಟ ಕರಗುತ್ತದೆ ಎಂದು ಆಕ್ಷೇಪಿಸಬಹುದು. ಸಂಗೀತ ಕಚೇರಿಯೂ ಕರಗಿಹೋಗುವುದೇ ಅಲ್ಲವೆ? ಹಾಗೆಯೇ ದುಬಾರಿಯೆಂಬ ಒಂದೇ ಕಾರಣದಿಂದ ಯಾವುದನ್ನೂ ಹೀಗಳೆಯುವುದು ವಿಚಾರವಂತರ ಲಕ್ಷಣವಲ್ಲ.

ಆದರೂ ಅಂತರಂಗದಲ್ಲಿ ಏನೋ ಒಪ್ಪದೆ ನಿಲ್ಲುತ್ತದೆ. ಅದು ಬರಿಯ ಅಸೂಯೆಯಲ್ಲವೆಂಬುದಕ್ಕೆ ಮಹಾಭಾರತದ ಆಶ್ವಮೇಧಿಕಪರ್ವದಲ್ಲಿ ಬರುವ ಮುಂಗುಸಿಯ ಕಥೆಯೇ ಸಾಕ್ಷಿ. ಧರ್ಮರಾಯನ ಯಾಗ ಮುಗಿದು ಎಲ್ಲರೂ ಅನ್ನದಾನವನ್ನು ಕೊಂಡಾಡುತ್ತಿರುವಾಗ, ಮೈಯ ಅರ್ಧ ಚಿನ್ನವಾದ ಮುಂಗುಸಿಯೊಂದು ಬಂದು ಈ ಯಾಗ ಒಂದು ಸೇರು ಹಿಟ್ಟಿಗೂ ಸಮನಲ್ಲವೆಂದು ನಕ್ಕಿತು. ಕುರುಕ್ಷೇತ್ರದಲ್ಲಿ ಕಾಳು ಆಯ್ದು ಬದುಕುತ್ತಿದ್ದ ಒಂದು ಬಡ ಸಂಸಾರ. ಗಂಡ, ಹೆಂಡತಿ, ಮಗ, ಸೊಸೆ. ಬರಗಾಲದಲ್ಲಿ ಬಹಳ ದಿನಗಳ ಮೇಲೆ ದೊರೆತ ಹಿಟ್ಟನ್ನು ನಾಲ್ಕು ಪಾಲು ಮಾಡಿಕೊಂಡು ಕುಳಿತಾಗ ಅತಿಥಿ ಬಂದನು. ನಾಲ್ವರೂ ಒಬ್ಬರಾದ ಮೇಲೊಬ್ಬರು ತಮ್ಮ ಪಾಲನ್ನು ಕೊಟ್ಟುಬಿಟ್ಟರು. ಅಲ್ಲಿ ಚೆಲ್ಲಿದ ಹಿಟ್ಟಿನ ಮೇಲೆ ಹೊರಳಿದುದರಿಂದ ಮುಂಗುಸಿಯ ಅರ್ಧ ಮೈ ಚಿನ್ನವಾಯಿತು. ಉಳಿದರ್ಧ ಚಕ್ರವರ್ತಿಯ ಯಾಗಶಾಲೆಯಲ್ಲಿಯೂ ಆಗಲಿಲ್ಲ. ಊಟದ ಬೆಲೆಗೂ ಊಟದ ಯೋಗ್ಯತೆಗೂ ಅಳತೆಗೋಲು ಬೇರೆ ಬೇರೆ ಎಂದು ಕಥೆ ಕಲಿಸುತ್ತದೆ.

ಬೆಲೆಯಲ್ಲಿ ದೋಷ ಬರುವುದು ಎಲ್ಲಿ? ನಮಗೆ ತೋರುವಂತೆ ಎರಡು ಕಡೆ. ಬೆಲೆಯೇ ರುಚಿಯ ಸ್ಥಾನವನ್ನು ಆಕ್ರಮಿಸಿದಾಗ ಒಂದು; ಬೆಲೆ ಬಾಗಿಲಿಗೆ ಬೀಗವಾದಾಗ ಇನ್ನೊಂದು. ಹಲವರು ಅಂಥ ಮನೆಗೆ ಹೋಗುವುದು ಹೋಗಿ ಬಂದೆವೆಂದು ಹೇಳಿಕೊಳ್ಳುವುದಕ್ಕಾಗಿ. ತುತ್ತು ತಣ್ಣಗಾಗುತ್ತಿದ್ದರೂ ಅದರ ಛಾಯಾಚಿತ್ರ ತೆಗೆಯುತ್ತ ಕುಳಿತವನು ಅಡಿಗೆಯವನ ಹತ್ತು ವರ್ಷದ ಶ್ರಮವನ್ನು ಬಾಯಿಗಿಡದೆ ಜೇಬಿಗಿಡುತ್ತಾನೆ. ಇನ್ನು ಬೀಗದ ಮಾತು. ಸುಶಿ ಮೊದಲಿಗೆ ಶ್ರೀಮಂತರ ಊಟವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಇಂದಿನ ಟೋಕಿಯೋ ಆಗಿರುವ ಎದೋ ನಗರದ ಬೀದಿಬದಿಯಲ್ಲಿ ಕೆಲಸಗಾರರು ನಿಂತುಕೊಂಡು ತಿಂದುಹೋಗುತ್ತಿದ್ದ ತಿಂಡಿ. ಬೀದಿಯ ಜನರ ತಿನಿಸು ಬೀದಿಯ ಜನರಿಗೇ ಬಾಗಿಲು ಮುಚ್ಚಿಕೊಂಡುದನ್ನು, ಆಸನ ಕೊಡಿಸದ ಕೈಪಿಡಿಯೇ 2019ರಲ್ಲಿ ಒಪ್ಪಿಕೊಂಡಂತಾಯಿತು.

ನಮ್ಮ ರಾಗಿಗೂ ಈಗ ಅಂಥ ಕಾಲ ಬರುತ್ತಿದೆ. ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ಭತ್ತವೂ ರಾಗಿಯೂ ತಮ್ಮಲ್ಲಿ ಯಾರು ಹೆಚ್ಚೆಂದು ವಾದಿಸುತ್ತವೆ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿ, ಕೆಡದೆ ಉಳಿದ ರಾಗಿಯನ್ನು ಮನ್ನಿಸುತ್ತಾನೆ. ನಾವು ಮುದ್ದೆ ಎನ್ನುವುದನ್ನು ನೆರೆಮನೆಯ ತಮಿಳರು ಕಳಿ ಎನ್ನುತ್ತಾರೆ, ತೆಲುಗರು ಸಂಕಟಿ ಎನ್ನುತ್ತಾರೆ. ಹೆಸರು ಮೂರಾದರೂ ಅದು ದುಡಿಯುವವರ ಊಟ. ಅದನ್ನು ತರುವುದಕ್ಕೆ ನಾಚಿ ಬುತ್ತಿಯನ್ನು ಮರೆಮಾಡುವ ಹುಡುಗರನ್ನು ಶಿಕ್ಷಕರು ಕಂಡಿದ್ದಾರೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ರಾಗಿ ಸೇರಿತು. ಸಂತೋಷವೇ. ಆದರೆ ಮುದ್ದೆಗೆ ಗೌರವ ಬರುವುದಕ್ಕೆ ಅದು ದುಬಾರಿಯಾಗಬೇಕಾಯಿತೆಂದರೆ ಕನಕದಾಸರ ಪಾಠವನ್ನು ನಾವು ಓದಿಯೂ ಕಲಿಯಲಿಲ್ಲವೆಂದೇ ಅರ್ಥ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆಯ್ಕೆಯನ್ನು ಒಪ್ಪಿಸಿಕೊಡುವುದು ಸದ್ಗುಣವೆ? ಟೋಕಿಯೋದಲ್ಲಿ ಕುಳಿತ ಸಿರಿವಂತನು ‘ನಿಮ್ಮ ಚಿತ್ತ’ ಎಂದಾಗ ಅವನು ಬಿಟ್ಟುಕೊಡುವುದು ಬಹಳ ಸ್ವಲ್ಪ. ಹಿಡಿಸದಿದ್ದರೆ ಎದ್ದು ಹೋಗಬಹುದು. ನಾಳೆ ಬೇರೆಡೆ ಉಣ್ಣಬಹುದು. ಅವನ ಒಂದು ನಿಂದೆಯ ಮಾತಿಗೆ ಅಂಗಡಿಯವನು ಅಂಜುತ್ತಾನೆ. ಅವನ ನಂಬಿಕೆಗೆ ಹಿಂದೆ ಬಲವಾದ ಕಾವಲಿದೆ. ಅದರಲ್ಲಿ ವಿನಯದ ಅಭ್ಯಾಸ ಸ್ವಲ್ಪ ಉಂಟು, ಅಲ್ಲಗಳೆಯುವುದಿಲ್ಲ. ಸದಾ ಅಪ್ಪಣೆ ಮಾಡುವವನು ಅರ್ಧ ಗಂಟೆ ಕೊಟ್ಟುದನ್ನು ಸ್ವೀಕರಿಸುವುದು ಒಳ್ಳೆಯದೆ. ಊಟಕ್ಕೆ ಮುಂಚೆ ಜಪಾನೀಯರು ಹೇಳುವ ‘ಇತಾದಾಕಿಮಾಸ್’ ಎಂಬ ಮಾತಿಗೆ ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂದೇ ಅರ್ಥ. ಆದರೆ ನಂಬಿಕೆಯ ನಿಜವಾದ ಪರೀಕ್ಷೆ ಆಗುವುದು ಎದ್ದುಹೋಗಲಾರದವನ ಎಲೆಯಲ್ಲಿ.

ಪಟ್ಟಿಯಿಲ್ಲದ, ಪ್ರಶ್ನೆಯಿಲ್ಲದ, ಬಡಿಸಿದ್ದನ್ನೇ ಉಣ್ಣಬೇಕಾದ ಇನ್ನೊಂದು ಊಟ ಯಾವುದೆಂದು ನಾವು ದೂರ ಹುಡುಕಬೇಕಾಗಿಲ್ಲ. ಅದು ನಮ್ಮ ಶಾಲೆಯ ಮಧ್ಯಾಹ್ನದ ಊಟ. ಕಾಮರಾಜರು 1956ರಲ್ಲಿ ಈ ರಾಜ್ಯದ ಶಾಲೆಗಳಲ್ಲಿ ಅದಕ್ಕೆ ಅಡಿಪಾಯ ಹಾಕಿದರು, 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ಪೌಷ್ಟಿಕ ಆಹಾರ ಯೋಜನೆಯಾಗಿ ಅದನ್ನು ವಿಸ್ತರಿಸಿದರು. 2022ರಲ್ಲಿ ಬೆಳಗಿನ ಉಪಾಹಾರವೂ ಆರಂಭವಾಯಿತು. ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ದೇಶದ ಎಲ್ಲ ರಾಜ್ಯಗಳಿಗೆ ಆಜ್ಞೆ ಮಾಡಿತು. ನೆರೆಯ ಕರ್ನಾಟಕದಲ್ಲಿ ಈ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರು. ಸಾಲಾಗಿ ಕುಳಿತ ಮಕ್ಕಳೂ ‘ನಿಮ್ಮ ಚಿತ್ತ’ ಎಂದೇ ಕುಳಿತಿರುತ್ತಾರೆ; ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ. ಎದ್ದು ಹೋದರೆ ಅವರಿಗೆ ಬೇರೆ ಊಟವಿಲ್ಲ. ನಿಂದಿಸಿದರೆ ಅಂಜುವವರಿಲ್ಲ.

ಆ ನಂಬಿಕೆ ಮುರಿದರೆ ಏನಾಗುತ್ತದೆಂಬುದನ್ನು ದೇಶ 2013ರ ಜುಲೈ 16ರಂದು ಕಂಡಿತು. ಬಿಹಾರದ ಸಾರಣ್ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ ಊಟದೊಳಗೆ ಕ್ರಿಮಿನಾಶಕ ಬೆರೆತು 23 ಮಕ್ಕಳು ಸತ್ತರು. ಎಣ್ಣೆಯ ವಿಷಯದಲ್ಲಿ ಅನುಮಾನದ ಮಾತು ಬಂದಿದ್ದರೂ ಅದಕ್ಕೆ ಬೆಲೆ ಸಿಕ್ಕಲಿಲ್ಲವೆಂದು ಅಂದು ವರದಿಯಾಯಿತು. ಒಂದು ಚಮಚ ಸಾರನ್ನು ದೊಡ್ಡವರೊಬ್ಬರು ಲಕ್ಷ್ಯಕೊಟ್ಟು ಮೊದಲು ರುಚಿ ನೋಡಿದ್ದರೆ! ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರಾದರೂ ಸೇರಿದಂತೆ ದೊಡ್ಡವರು ಊಟದ ರುಚಿ ನೋಡಬೇಕೆಂದು ಸರ್ಕಾರದ ಸೂಚನೆಯಿದೆ. ಜಿರೋ ಅವರ ಅಂಗಡಿಯಲ್ಲಿಯೂ ಬಡಿಸುವ ಮುಂಚೆ ರುಚಿ ನೋಡುತ್ತಾರೆ. ಕೆಲಸ ಒಂದೇ. ಒಂದು ಕಡೆ ಅದರಿಂದ ನಕ್ಷತ್ರ ಬರುತ್ತದೆ. ಇನ್ನೊಂದು ಕಡೆ ದಾಖಲೆ ಪುಸ್ತಕದಲ್ಲಿ ಒಂದು ರುಜು ಮಾತ್ರ. ಆದರೆ ಹೊಣೆಯ ತೂಕವನ್ನು ನೋಡಿದರೆ ಯಾವುದು ಹೆಚ್ಚು?

ನಮಗೆ ಕಂಡ ನಿಯಮ ಇದು: ಉಣ್ಣುವವನ ಆಯ್ಕೆ ಎಷ್ಟು ಕಡಮೆಯೋ ಬಡಿಸುವವನ ಹೊಣೆ ಅಷ್ಟು ಹೆಚ್ಚು. ಈ ನಿಯಮಕ್ಕೆ ಹಣದ ಲೆಕ್ಕವಿಲ್ಲ. ಟೋಕಿಯೋದ ಅಡಿಗೆಯವನು ಈ ನಿಯಮವನ್ನು ಹತ್ತು ಮಂದಿ ಧನವಂತರಿಗಾಗಿ ಪಾಲಿಸಿ ತೋರಿಸಿದ್ದಾನೆ. ಅದಕ್ಕಾಗಿ ಅವನಿಗೆ ಗೌರವ ಸಲ್ಲಬೇಕು. ಅವನ ಮೀನನ್ನೂ ಬೆಲೆಯನ್ನೂ ಅವನಿಗೇ ಬಿಟ್ಟು ಅವನ ಲಕ್ಷ್ಯವನ್ನು ಮಾತ್ರ ನಾವು ಎರವಲು ತರಬಹುದು. ಅದಕ್ಕೆ ಸುಂಕವಿಲ್ಲ. ತೊಳೆದ ತಟ್ಟೆ, ಕಲ್ಲಿಲ್ಲದ ಅಕ್ಕಿ, ಬಿಸಿಯಾರದ ಸಾರು, ಎಡಗೈಯ ಹುಡುಗನನ್ನು ಗದರಿಸದ ಬಡಿಸುವ ಕೈ. ಇವು ಚಿನ್ನದ ಗೋಡೆಯ ಕೋಣೆಯನ್ನು ಬೇಡುವುದಿಲ್ಲ.

ಲಕ್ಷ್ಯದ ಜೊತೆಗೆ ಮಿತಿಯೂ ಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದನು. ಒಂದು ದಿನ ಹೆಚ್ಚಾಗಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಬೇಕಾದುದಕ್ಕಿಂತ ಹೆಚ್ಚು ತಂದರೆ ಅದು ದಾಸೋಹವಲ್ಲ, ಆಸೆ. ಇಂದು ಸಮುದ್ರದ ಮೀನು ಕಡಮೆಯಾಗುತ್ತಿದೆಯೆಂದು ಜಿರೋ ಅವರ ಮನೆಯವರೇ ಕಳವಳಪಟ್ಟಿದ್ದಾರೆ. ಜಗತ್ತಿನ ಆಸೆಗೆಲ್ಲ ಸಮುದ್ರ ಒದಗಲಾರದು. ಲಕ್ಕಮ್ಮನ ಮಾತು ಟೋಕಿಯೋಗೂ ಸಲ್ಲುತ್ತದೆ. ಮದುವೆಯ ಮನೆಗಳ ಹಿಂದೆ ಅರ್ಧ ಉಂಡ ಎಲೆಗಳ ರಾಶಿ ಹಾಕುವ ನಮಗೂ ಸಲ್ಲುತ್ತದೆ.

ಶಿಕ್ಷಕಮಿತ್ರರಿಗೆ ಒಂದು ಮಾತು ಹೇಳಬೇಕಾಗಿದೆ. ಊಟದಂತೆ ಪಾಠವೂ ಕೇಳದೆ ಬಡಿಸುವಂಥದು. ಮಗು ಪಠ್ಯವನ್ನು ಆರಿಸುವುದಿಲ್ಲ, ಗುರುವನ್ನು ಆರಿಸುವುದಿಲ್ಲ. ನಮ್ಮ ಗಡಿಯ ಶಾಲೆಗಳಲ್ಲಿ ಕನ್ನಡ ಓದುವ ಮಗುವಿಗೆ ಬೇರೆ ಶಾಲೆಯ ಅನುಕೂಲ ಹತ್ತಿರದಲ್ಲಿಲ್ಲದಿರಬಹುದು. ಬೇರೆ ಕನ್ನಡ ಪುಸ್ತಕವೂ ಕೈಗೆ ಸಿಕ್ಕದಿರಬಹುದು. ನಾವು ಕೊಟ್ಟುದೇ ಅದರ ಪಾಲಿನ ಕನ್ನಡ. ಆದಕಾರಣ ನಾವು ಸಿದ್ಧತೆಯಿಲ್ಲದೆ ತರಗತಿಗೆ ಹೋಗುವುದು, ರುಚಿ ನೋಡದೆ ಬಡಿಸಿದಂತೆಯೇ. ಅಣಬೆ ಒಣಹಾಕುತ್ತಿದ್ದ ಆ ಮುದುಕನ ಎರಡು ಉತ್ತರಗಳು ನಮ್ಮ ಕೆಲಸಕ್ಕೂ ಒಪ್ಪುತ್ತವೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮಲ್ಲಿ ಯಾರಾದರೂ ಮುಂದೆ ಅಂಥ ಹತ್ತು ಆಸನಗಳ ಮನೆಯಲ್ಲಿ ಉಣ್ಣುವಷ್ಟು ಗಳಿಸಿದರೆ, ಹೋಗಬಾರದೆಂದು ನಾವು ಹೇಳುವುದಿಲ್ಲ. ತುತ್ತನ್ನು ಬಿಸಿಯಿದ್ದಾಗ ತಿನ್ನಿ. ಮಾಡಿದವನ ಕೈಯನ್ನು ನೋಡಿ. ಬಿಡಿಸಿ ಕೇಳಿ ಕಲಿಯಿರಿ. ಆದರೆ ಅಲ್ಲಿ ಕೊಡುವ ಗಮನವನ್ನು ಮನೆಯ ಮುದ್ದೆಗೂ ಶಾಲೆಯ ಸಾರನ್ನಕ್ಕೂ ಇಂದೇ ಕೊಟ್ಟು ಅಭ್ಯಾಸ ಮಾಡಿಕೊಳ್ಳಿ. ಇಲ್ಲಿ ಬಾರದ ಅಭ್ಯಾಸ ಅಲ್ಲಿ ಹಣ ಕೊಟ್ಟ ಮಾತ್ರಕ್ಕೆ ಬರಲಾರದು. ಉಂಡೆದ್ದ ಮೇಲೆ ಒಲೆಯ ಮುಂದೆ ನಿಂತ ಅಡಿಗೆಯಮ್ಮನಿಗೆ ಇಂದಿನ ಸಾರು ಹೇಗಿತ್ತೆಂದು ನಿಜ ಹೇಳಿ; ಚೆನ್ನಾಗಿದ್ದರೆ ಚೆನ್ನಾಗಿತ್ತೆಂದು, ಉಪ್ಪು ಹೆಚ್ಚಾಗಿದ್ದರೆ ಹೆಚ್ಚಾಗಿತ್ತೆಂದು. ಕೇಳದೆ ಬಡಿಸುವವರಿಗೆ ಉಣ್ಣುವವರು ಕೊಡಬಹುದಾದ ಕಾಣಿಕೆ ಅದು; ಸಿರಿವಂತನಾದರೂ ಬಡವನಾದರೂ ಅದಕ್ಕಿಂತ ಹೆಚ್ಚಿನದನ್ನು ಕೊಡಲಾರನು.